ಬೇವೂರ ದಾರಿಯಲ್ಲಿ ಒಂಟಿ ಗಾಲಿ

ನಾನು ಯಲಬುರ್ಗಾಕ್ಕೆ ಬಂದ ದಿನ ನಮ್ಮ ಬಸ್ಸು ಬೆಳೆಯ ಮೇಲೆ ಹತ್ತಿತು. ಸುರತ್ಕಲ್ಲಿನಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬೆಳಿಗ್ಗೆ ಕೊಪ್ಪಳದಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದಿದ್ದೆ. ಕುಕನೂರು ದಾಟಿದ ಮೇಲೆ ನೋಡುತ್ತೇನೆ, ಡಾಂಬರು ರಸ್ತೆಯ ಅರ್ಧಕ್ಕೆ ಯಾರೋ ಹೆಸರಿನ ಗಿಡಗಳನ್ನು ಕಾಯಿಸಮೇತ ಕಿತ್ತು ಹಾಸಿದ್ದಾರೆ. ಚಾಲಕ ತಪ್ಪಿಸಿ ಹೋಗಬಹುದಿತ್ತು. ಹೋಗಲಿಲ್ಲ. ಬೇಕೆಂದೇ ಎಡಕ್ಕೆ ತಿರುಗಿಸಿ ಗಾಲಿಗಳನ್ನು ಅದರ ಮೇಲೆಯೇ ಓಡಿಸಿದ. ಕೆಳಗಿನಿಂದ ಕಾಯಿ ಒಡೆಯುವ ಚಟಚಟ ಸದ್ದು ಬರುತ್ತಿದ್ದರೆ ನಾನು ಮುಂದಿನ ಸೀಟಿನ ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದೆ.

"ಯಾಕ್ರಿ ಅಕ್ಕಾರ, ಅಂಜಿದ್ರೇನು?" ಎಂದು ಪಕ್ಕದಲ್ಲಿದ್ದ ಹೆಂಗಸು ಕೇಳಿದಳು. "ಹೆಸರ ಒಕ್ಕಾಕ ಹಾಕ್ಯಾರ್ರಿ. ನಾಕು ಬಸ್ಸು, ನಾಕು ಲಾರಿ ಹೋದ್ವು ಅಂದ್ರ ಕಾಳು ತಾನ ಬಿಡ್ತಾವ."

ನಮ್ಮ ಕಡೆ ಒಂದು ಅನ್ನದ ಅಗುಳು ಕಾಲಿಗೆ ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಇಲ್ಲಿ ತಿನ್ನುವ ಕಾಳಿನ ಮೇಲೆ ಸರ್ಕಾರಿ ಬಸ್ಸು ಓಡುತ್ತದೆ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಇವರಿಗೆ ಅನ್ನದ ಮರ್ಯಾದೆ ಗೊತ್ತಿಲ್ಲ ಎಂದು ಮೊದಲ ದಿನವೇ ಮನಸ್ಸಿನಲ್ಲಿ ತೀರ್ಪು ಬರೆದುಬಿಟ್ಟೆ. ಆ ತೀರ್ಪು ಎಷ್ಟು ತಪ್ಪಾಗಿತ್ತು ಎಂದು ಎರಡು ತಿಂಗಳ ನಂತರ ಅದೇ ತಾಲೂಕಿನ ಇನ್ನೊಂದು ರಸ್ತೆಯ ಮೇಲೆ ಬಿದ್ದು ಕಲಿತೆ. ಸುರತ್ಕಲ್ಲಿನ ನಮ್ಮೂರವರಾದ ನಿಮಗೆ ಈ ವಾರಪತ್ರಿಕೆಯಲ್ಲಿ ಇದನ್ನು ಬರೆಯುತ್ತಿರುವುದೇ ಅದಕ್ಕಾಗಿ, ಏಕೆಂದರೆ ಆ ಬೀಳುವಿಕೆಯನ್ನು ನಿಮ್ಮಲ್ಲಿ ಹೆಚ್ಚಿನವರು ನೋಡಿ ನಕ್ಕಿದ್ದೀರಿ.

ನನ್ನ ಕೆಲಸ ಗಾಳಿಯಂತ್ರಗಳದು. ಯಲಬುರ್ಗಾದಿಂದ ಕುಷ್ಟಗಿಯ ಕಡೆಗೆ ಹೊಲಗಳ ನಡುವೆ ಸಾಲಾಗಿ ನಿಂತಿವೆ. ಇಲ್ಲಿಯವರು ಅವನ್ನು 'ಫ್ಯಾನು' ಎಂದು ಕರೆಯುತ್ತಾರೆ, ಮನೆಯ ಸೂರಿಗೆ ನೇತುಹಾಕಿದ್ದನ್ನು ಕರೆದ ಹಾಗೆಯೇ. ಅವು ಸರಿಯಾಗಿ ತಿರುಗುತ್ತಿವೆಯೇ ಎಂದು ಒಂದು ಕೋಣೆಯಲ್ಲಿ ಕುಳಿತು ಪರದೆ ನೋಡುವುದು, ಕೆಟ್ಟರೆ ಜನ ಕಳಿಸುವುದು, ಸಂಜೆ ಐದಕ್ಕೆ ಮನೆಗೆ ಬರುವುದು. ಮನೆ ಎಂದರೆ ಶರಣಮ್ಮ ಎಂಬವರ ಮನೆಯ ಮೇಲಿನ ಒಂದು ಕೋಣೆ. ಬಾಡಿಗೆಗೆ ಕೊಡುವ ಮೊದಲು ಅವರು ಒಂದೇ ಪ್ರಶ್ನೆ ಕೇಳಿದ್ದರು.

"ನೀವು ಸಮುದ್ರದ ಕಡೆಯಾರು. ನೀರಾಗಿಂದು ಏನೂ ಬೇಯ್ಸಂಗಿಲ್ಲಲ್ರಿ?"

ಮೀನು ಎಂಬ ಪದವನ್ನು ಬಾಯಿಗೆ ತರುವುದಕ್ಕೂ ಅವರಿಗೆ ಇಷ್ಟವಿರಲಿಲ್ಲ. ಇಲ್ಲ ಎಂದೆ. ಅಮ್ಮ ಕಟ್ಟಿಕೊಟ್ಟಿದ್ದ ಒಣ ಸಿಗಡಿಯ ಚಟ್ನಿ ಆಗ ನನ್ನ ಪೆಟ್ಟಿಗೆಯಲ್ಲೇ, ಮೂರು ಪ್ಲಾಸ್ಟಿಕ್ ಚೀಲಗಳ ಒಳಗೆ ಇತ್ತು. ಮರುದಿನ ಅದನ್ನು ಕೆಲಸದ ಕೋಣೆಯ ಕಪಾಟಿಗೆ ಸಾಗಿಸಿದೆ. ಬೇಯಿಸುವುದಿಲ್ಲ ಎಂದಷ್ಟೇ ಹೇಳಿದ್ದು, ಬೇಯಿಸಲಿಲ್ಲ.

ಮಾತು ಕಲಿಯುವುದು ಸುಲಭ ಎಂದುಕೊಂಡಿದ್ದೆ, ಇದೂ ಕನ್ನಡವೇ ತಾನೆ. ಆದರೆ ನನ್ನ ಕನ್ನಡ ಕೇಳಿದ ಶರಣಮ್ಮ, "ನೀವು ರೇಡಿಯೋದಾಗ ಸುದ್ದಿ ಓದಿದಂಗ ಮಾತಾಡ್ತೀರಿ" ಎಂದರು. ಅವರ ಮಾತು ನನಗೆ ಮೊದಲು ಬೈಗುಳದ ಹಾಗೆ ಕೇಳಿಸುತ್ತಿತ್ತು. ಮಾತಿನ ಕೊನೆಗೆ ಸಿಕ್ಕಿಸುವ 'ರಿ' ಕಿವಿಗೆ ಬೀಳಲು ಹದಿನೈದು ದಿನ ಬೇಕಾಯಿತು. ಬರ್ರಿ, ಕುಂದರ್ರಿ, ಉಣ್ರಿ. ಗಟ್ಟಿ ದನಿಯ ಒಳಗೆ ಇಷ್ಟು ಮರ್ಯಾದೆ ಅಡಗಿರುತ್ತದೆ ಎಂದು ಗೊತ್ತಿರಲಿಲ್ಲ. ಓಣಿಯಲ್ಲಿ ನನಗೆ 'ಮಂಗ್ಳೂರ ಅಕ್ಕಾರು' ಎಂಬ ಹೆಸರು ಬಿತ್ತು. ಊರಿನ ಹೆಸರಿಗೂ ಒಂದು ಅಕ್ಕಾರು ಸೇರಿಸಿಯೇ ಕರೆದರು.

ಊಟ ಇನ್ನೊಂದು ಕಷ್ಟ. ಕುಚ್ಚಲಕ್ಕಿ ಹುಡುಕಿಕೊಂಡು ಒಂದು ಭಾನುವಾರ ಗಂಗಾವತಿಯವರೆಗೂ ಹೋದೆ. ಹೇಮಗುಡ್ಡ ಹಿಂದಾಗಿ ಕಾಲುವೆಯ ಸೀಮೆ ಶುರುವಾದ ಕೂಡಲೇ ಎರಡೂ ಕಡೆ ಹಸಿರು ಗದ್ದೆ ಕಂಡಿತು, ಬಸ್ಸಿನ ಕಿಟಕಿಗೆ ತಲೆಯಾನಿಸಿ ಅತ್ತೆ. ಅಲ್ಲಿ ಊರು ತುಂಬ ಅಕ್ಕಿ, ಆದರೆ ಎಲ್ಲ ಸಪೂರದ ಬಿಳಿ ಅಕ್ಕಿ. ನಮ್ಮ ಕೆಂಪು ಕುಚ್ಚಲಕ್ಕಿ ಕೇಳಿದರೆ ಅಂಗಡಿಯವನು ಕಾಯಿಲೆಯವರ ಗಂಜಿಗಾ ಎಂದು ವಿಚಾರಿಸಿದ. ಬರಿಗೈಯಲ್ಲಿ ಬಂದವಳಿಗೆ ಶರಣಮ್ಮ ಸಜ್ಜೆ ರೊಟ್ಟಿಯ ಮೇಲೆ ಗುರೆಳ್ಳು ಚಟ್ನಿ, ಮೊಸರು ಹಾಕಿ ಕೊಟ್ಟರು. ಅಂದಿನಿಂದ ರೊಟ್ಟಿಯ ಜೊತೆ ರಾಜಿ ಮಾಡಿಕೊಂಡೆ.

ರಾಜಿಯಾಗದೆ ಉಳಿದದ್ದು ಒಂಟಿತನ. ಇಲ್ಲಿ ದಿನವಿಡೀ ಗಾಳಿ. ನಮ್ಮಲ್ಲಿ ಗಾಳಿಯೆಂದರೆ ಮಳೆ ಬರುವ ಸೂಚನೆ, ಇಲ್ಲಿ ಗಾಳಿ ಬರುತ್ತದೆ ಅಷ್ಟೇ, ಅದರ ಹಿಂದೆ ಏನೂ ಬರುವುದಿಲ್ಲ. ಸಂಜೆ ಕೋಣೆಯಲ್ಲಿ ಕುಳಿತರೆ ತುಳುವಿನಲ್ಲಿ ಒಂದು ಮಾತಾಡಲು ಜನರಿಲ್ಲ. ಹಾಗಾಗಿಯೇ ಅಣ್ಣನ ಒಂಟಿ ಗಾಲಿಯನ್ನು ತರಿಸಿಕೊಂಡೆ.

ನೋಡದವರಿಗಾಗಿ ಹೇಳುತ್ತೇನೆ. ಅದು ಕರೆಂಟಿನಿಂದ ಓಡುವ ಒಂದೇ ಗಾಲಿಯ ಗಾಡಿ. ಸೀಟಿಲ್ಲ, ಹ್ಯಾಂಡಲ್ಲಿಲ್ಲ. ಗಾಲಿಯ ಎರಡು ಬದಿಗೆ ಕಾಲಿಡಲು ಎರಡು ಹಲಗೆ, ಅದರ ಮೇಲೆ ನಿಂತು ಮುಂದಕ್ಕೆ ಬಾಗಿದರೆ ಓಡುತ್ತದೆ, ಹಿಂದಕ್ಕೆ ವಾಲಿದರೆ ನಿಲ್ಲುತ್ತದೆ. ಹಿಂದೆ ಮುಂದೆ ಬೀಳದಂತೆ ಯಂತ್ರ ನೋಡಿಕೊಳ್ಳುತ್ತದೆ, ಎಡಬಲ ಬೀಳದಂತೆ ನಾವೇ ನೋಡಿಕೊಳ್ಳಬೇಕು. ಅಣ್ಣ ಆಸೆಯಿಂದ ಕೊಂಡು, ನಮ್ಮ ಮನೆಯ ಇಳಿಜಾರಿನಲ್ಲಿ ಎರಡು ಸಲ ಬಿದ್ದು, ಹಲಸಿನಕಾಯಿಯ ಪಕ್ಕ ಅಟ್ಟಕ್ಕೆ ಹಾಕಿದ್ದ. ನಮ್ಮೂರಲ್ಲಿ ಸಮತಟ್ಟಾದ ಐವತ್ತು ಮಾರು ಜಾಗ ಸಿಗುವುದಿಲ್ಲ. ಇಲ್ಲಿ ಫ್ಯಾನಿನಿಂದ ಫ್ಯಾನಿಗೆ ಮಣ್ಣಿನ ದಾರಿಗಳಿವೆ, ಕಣ್ಣು ಹೋದಷ್ಟೂ ನೆಟ್ಟಗೆ, ಯಾರೂ ಇಲ್ಲ.

ಗೋಡೆ ಹಿಡಿದು ಹತ್ತಲು ಒಂದು ವಾರ, ಗೋಡೆ ಬಿಡಲು ಇನ್ನೆರಡು ವಾರ. ಕಣಕಾಲಿನ ಒಳಬದಿ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಶರಣಮ್ಮ ದಿನಾ ಸಂಜೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು: "ಇನ್ನೊಂದು ಗಾಲಿ ಯಾವಾಗ ಬರ್ತೈತ್ರಿ ಅಕ್ಕಾರ?" ಒಂದು ಸಂಜೆ ಅಡ್ಡಗಾಳಿಗೆ ಎದೆಯೊಡ್ಡಿ ಒಂದು ಫ್ಯಾನಿನಿಂದ ಇನ್ನೊಂದಕ್ಕೆ ಇಳಿಯದೆ ಹೋದೆ. ಇಳಿದು ಆ ಕಂಬವನ್ನು ತಬ್ಬಿಕೊಂಡೆ. ಈ ಊರಿಗೆ ಬಂದ ಮೇಲೆ ನಾನು ತಬ್ಬಿಕೊಂಡ ಮೊದಲ ವಸ್ತು ಅದು.

ಕ್ಯಾಮೆರಾ ಕಟ್ಟಿಕೊಂಡದ್ದು ಕಲಿಯುವುದಕ್ಕೆ. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದು, ಎದೆಯ ಪಟ್ಟಿಗೆ ಸಿಕ್ಕಿಸುತ್ತಿದ್ದೆ. ಎಲ್ಲಿ ಬಾಗಿದೆ, ಏಕೆ ಬಿದ್ದೆ ಎಂದು ಮನೆಗೆ ಬಂದು ನೋಡುತ್ತಿದ್ದೆ. ಬರಬರುತ್ತ ಓಡಿಸುತ್ತಲೇ ಅದರ ಜೊತೆ ತುಳುವಿನಲ್ಲಿ ಮಾತಾಡಲು ಶುರು ಮಾಡಿದೆ. ತಂಗಿ ಅವನ್ನು ಜಾಲತಾಣಕ್ಕೆ ಹಾಕಲು ಹೇಳಿದಳು, ಹಾಕಿದೆ. ಕೊಪ್ಪಳದ ಕೋಟೆಗುಡ್ಡ, ಹಿಟ್ನಾಳದ ಹೆದ್ದಾರಿಯ ಬದಿ, ಕುಷ್ಟಗಿಯ ರಸ್ತೆಯ ಸೂರ್ಯಕಾಂತಿ. ನೀವೆಲ್ಲ ನೋಡಿದಿರಿ, ಮೆಚ್ಚಿದಿರಿ. ಒಬ್ಬಳೇ ಇದ್ದೇನೆ ಎಂಬುದು ಸ್ವಲ್ಪ ಮರೆತುಹೋಯಿತು.

ದಸರೆಯ ಆಸುಪಾಸಿನಲ್ಲಿ ಬೇವೂರ ರಸ್ತೆಗೆ ಹೋಗಿದ್ದೆ. ಸಜ್ಜೆಯ ಸುಗ್ಗಿ. ಒಂದು ತಿರುವಿನ ಆಚೆ ಡಾಂಬರಿನ ಮೇಲೆ ಸಜ್ಜೆ ತೆನೆ ಹಾಸಿತ್ತು. ಬಸ್ಸೇ ಹೋಗುತ್ತದೆ, ನಾನು ಹೋದರೆ ಏನು ಎಂದುಕೊಂಡೆ. ಸಜ್ಜೆಯ ಕಾಳು ಸಾಸಿವೆಗಿಂತ ತುಸು ದೊಡ್ಡದು, ನುಣುಪು. ಗಾಲಿ ಜಾರಿತು, ನಾನು ಎಡಕ್ಕೆ ಬಿದ್ದೆ. ಗಾಡಿ ಮಾತ್ರ ಬೀಳಲಿಲ್ಲ. ಹಗ್ಗ ಕಿತ್ತ ಕೋಣದ ಹಾಗೆ ಪೀಂ ಪೀಂ ಎನ್ನುತ್ತ ಓಡಿ, ಅಂಚಿನಲ್ಲಿ ಯಾರೋ ಗುಡಿಸಿ ತೂರಿ ಗುಡ್ಡೆ ಹಾಕಿದ್ದ ಕಾಳಿನ ರಾಶಿಗೆ ನುಗ್ಗಿ, ಗಿರಗಿರ ತಿರುಗಿ ಅರ್ಧ ರಾಶಿಯನ್ನು ಚರಂಡಿಗೆ ಎರಚಿತು. ಅದನ್ನು ನಿಲ್ಲಿಸಲು ಎದ್ದು ಓಡಿದೆ, ಬೂಟುಗಾಲಿನಲ್ಲಿ, ರಾಶಿಯ ನಡುವೆಯೇ.

ಬೇವಿನ ಗಿಡದ ಕೆಳಗಿಂದ ಒಬ್ಬ ಹೆಂಗಸು ಕಸಬರಿಗೆ ಹಿಡಿದೇ ಬಂದಳು. ಗಾಳಿಗೆ ಅವಳ ಸೆರಗು ತಲೆಯಿಂದ ಜಾರಿತ್ತು. "ಏ, ರಾಶಿ ತುಳ್ಯಾಕ ಹತ್ತೀಯಲ್ಲ, ಕಣ್ಣ ಹೋಗ್ಯಾವೇನು ನಿನ್ನವು? ಬೂಟ ಹಾಕ್ಕೊಂಡು ಅನ್ನದ ಮ್ಯಾಲೆ ನಿಂತಿ, ನಿನ್ನ ಹೆಣಾ ಎತ್ತಲಿ."

"ಬಸ್ಸು ಹೋಗ್ತದಲ್ಲ ಅಮ್ಮ" ಎಂದೆ ನಾನು, ಪೆದ್ದಿಯ ಹಾಗೆ.

"ಬಸ್ಸಿನ ಗಾಲಿ ತುಳದ್ರ ಕಾಳು ಬಿಡತಾವ. ನೀ ಬೂಟಗಾಲಿಲೆ ತುಳದ್ರ ಲಕ್ಷ್ಮಿ ಎದ್ದು ಹೋಗ್ತಾಳ. ಅಷ್ಟೂ ತಿಳಿಯಂಗಿಲ್ಲ?"

ಆಗ ಅವಳ ಕಾಲು ನೋಡಿದೆ. ಬರಿಗಾಲು. ಚಪ್ಪಲಿಗಳು ರಸ್ತೆಯಾಚೆ, ಗಿಡದ ಬುಡದಲ್ಲಿದ್ದವು. ಒಕ್ಕುವ ಅಂಗಳಕ್ಕೆ ಇಲ್ಲಿ 'ಕಣ' ಎನ್ನುತ್ತಾರೆ, ದೇವರ ಕೋಣೆಯಷ್ಟೇ ಮಡಿ ಅದಕ್ಕೆ. ಆಳಿಲ್ಲದವರಿಗೆ ರಸ್ತೆಯೇ ಕಣ. ಗಾಲಿ ಎತ್ತಿನ ಕೆಲಸ ಮಾಡುವುದರಿಂದ ಅದಕ್ಕೆ ಅಡ್ಡಿಯಿಲ್ಲ, ಮನುಷ್ಯರು ಮಾತ್ರ ಚಪ್ಪಲಿ ಬಿಟ್ಟೇ ಬರಬೇಕು. ಬೂಟು ಬಿಚ್ಚಿ ಚರಂಡಿಗೆ ಇಳಿದು ಅವಳ ಜೊತೆ ಕಾಳು ಆಯ್ದೆ. ಮಣ್ಣಿಗೆ ಬೆರೆತದ್ದು ಬರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದು ನನ್ನ ಒಂದು ಪಾಠವಾಗಿ ಮುಗಿಯುತ್ತಿತ್ತು. ಆದರೆ ಎದೆಯ ಮೇಲೆ ಕ್ಯಾಮೆರಾ ಓಡುತ್ತಿತ್ತು. ಕಾಳು ಆಯ್ದ ಭಾಗವನ್ನು ನಾನು ಕತ್ತರಿಸಿದೆ, ಅದು ಉದ್ದವಾಯಿತು ಎಂದು. ಬಿದ್ದದ್ದು, ಗಾಡಿ ನುಗ್ಗಿದ್ದು, ಅವಳು ಬೈದದ್ದು ಇಟ್ಟೆ. ಮೇಲೆ ತುಳುವಿನಲ್ಲಿ ನನ್ನ ನಗುವನ್ನೂ ಒಂದು ಮಾತನ್ನೂ ಸೇರಿಸಿದೆ: ನೋಡಿ, ಇಲ್ಲಿಯ ಅಜ್ಜಿ ನನಗೆ ಪ್ರಸಾದ ಕೊಟ್ಟರು ಅಂತ. ಅಲ್ಲಿಯವರೆಗೆ ನನ್ನ ಯಾವ ವಿಡಿಯೋವನ್ನೂ ಅಷ್ಟು ಜನ ನೋಡಿರಲಿಲ್ಲ. 'ಹೆಣಾ ಎತ್ತಲಿ' ಎಂಬುದನ್ನು ನಮ್ಮೂರ ಹುಡುಗರು ಫೋನಿನ ರಿಂಗಿಗೆ ಹಾಕಿಕೊಂಡರಂತೆ. ತಂಗಿ ಖುಷಿಯಿಂದ ಹೇಳಿದಳು, ನಾನೂ ಖುಷಿಪಟ್ಟೆ.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಮತ್ತೆ ಅದೇ ದಾರಿಯಲ್ಲಿ ಹೋಗುತ್ತಿದ್ದೆ. ಹೊಲದಲ್ಲಿ ಬಿಳಿಜೋಳದ ಕಸ ತೆಗೆಯುತ್ತಿದ್ದವಳು ಕೈಯೆತ್ತಿ, "ತಂಗೀ, ನಿಂದರು" ಎಂದು ಕೂಗಿದಳು. ಅವಳೇ. ಓಡಿಹೋಗುವ ಮನಸ್ಸಾಯಿತು, ಆದರೆ ನಿಂತೆ. ಅವಳು ಬದುವಿನ ಮೇಲೆ ಕೂರಿಸಿ ಕೊಡದಿಂದ ನೀರು ಕೊಟ್ಟಳು. ತನ್ನ ಹೆಸರು ನೀಲವ್ವ ಎಂದಳು. ನನ್ನ ಮೊಣಕಾಲು ಮುಟ್ಟಿ ನೋಡಿ, "ಕಾಲು ನೆಟ್ಟಗಾತೇನವಾ?" ಎಂದು ಕೇಳಿದಳು.

"ಆಯ್ತು."

"ಅವತ್ತ ಭಾಳ ಬೈದ್ನಿ. ರಾಶಿ ಮುಂದ ನಿಂತು ಕೆಟ್ಟ ಮಾತು ಆಡಬಾರದಿತ್ತು. ಅದು ತಿರುಗಿ ನನಗ ಸುತ್ತಿಕೊಂತು ನೋಡು." ಕುಡುಗೋಲನ್ನು ಮಣ್ಣಿಗೆ ಒರೆಸುತ್ತ ಹೇಳಿದಳು: "ನನ್ನ ಮಗ ಹುಲಗಪ್ಪ ಮಂಗ್ಳೂರ ಕಡೆ ದುಡ್ಯಾಕ ಹೋಗ್ಯಾನ. ಅಪ್ಪ ಇಲ್ಲದ ಹುಡುಗ. ಮೂರು ವರ್ಷಾತು, ಕಟ್ಟಡದ ಕೆಲಸ. ವಾರಕ್ಕ ಎರಡು ಸಲ ಫೋನ ಮಾಡಾಂವ. ಈಗ ತಿಂಗಳಾತು, ನಾ ಮಾಡಿದ್ರೂ ಎತ್ತವಲ್ಲ."

ನನಗೆ ಮುಂದಿನದು ಗೊತ್ತಾಗಿಹೋಯಿತು. ಆದರೂ ಯಾಕೆ ಎಂದು ಕೇಳಿದೆ.

"ನಾ ಬೈದದ್ದನ್ನ ಯಾರೋ ವಿಡಿಯೋ ಹಿಡದು ಬಿಟ್ಟಾರಂತ. ಅಲ್ಲಿ ಜೋಡಿ ಕೆಲಸ ಮಾಡಾರೆಲ್ಲಾ ನೋಡಿ ನಕ್ಕಾರ. ನಮ್ಮವ್ವ ಅಕಿ ಅಂತ ಇಂವ ಹೇಳಿದ ಮ್ಯಾಲಂತೂ ಇವನ್ನ 'ಹೆಣಾ ಎತ್ತಲಿ' ಅಂತನ ಕರಿತಾರಂತ. 'ಯವ್ವಾ, ತಲಿ ಮ್ಯಾಲೆ ಸೆರಗಿಲ್ಲದ ಬೀದ್ಯಾಗ ನಿಂತು ಬಾಯಿ ಮಾಡಿದಿ, ನಾ ಇಲ್ಲಿ ಮಾರಿ ಎತ್ತದಂಗ ಆಗೇತಿ' ಅಂದ. ಅದ ಕಡೀ ಮಾತು. ಎಳ್ಳ ಅಮಾಸಿಗೂ ಬರಂಗಿಲ್ಲಂತ." ಆಮೇಲೆ ನನ್ನ ಕಡೆ ತಿರುಗಿದಳು. "ನೀ ಓದಿದಾಕಿ ಅದಿ. ಅವತ್ತ ಯಾವ ಲಾರಿಯಾಂವ ಹಿಡದ ಅಂತ ಹುಡುಕಾಕ ಬರ್ತೈತೇನು? ನೀ ಬಿದ್ದದ್ದೂ ಅದರಾಗ ಇರ್ತೈತಿ ಪಾಪ. ನಿನ್ನ ನೋಡೂ ಮಂದಿ ನಕ್ಕಿರ್ತಾರ."

ಅವಳ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ವಿಡಿಯೋವನ್ನು ಅವಳು ನೋಡಿಯೇ ಇರಲಿಲ್ಲ. ನನ್ನ ಎದೆಯ ಮೇಲೆ ಕ್ಯಾಮೆರಾದ ಕೆಂಪು ದೀಪ ಮಿನುಗುತ್ತಿತ್ತು. ಅವಳು ಅದಕ್ಕೆ ಬೆರಳು ತೋರಿಸಿ, "ಹಗಲೊತ್ತಿನ್ಯಾಗ ಬ್ಯಾಟ್ರಿ ಯಾಕ ಹಚ್ಚಿ ತಂಗಿ? ಆರಿಸು, ಸುಮ್ನ ಸುಡತೈತಿ" ಎಂದಳು. ನಾನು ಆರಿಸಿದೆ. "ನೋಡ್ತೇನೆ" ಎಂದು ಹೇಳಿ ಎದ್ದುಬಂದೆ.

ಮನೆಗೆ ಬಂದ ಕೂಡಲೇ ಅದನ್ನು ಅಳಿಸಿದೆ. ಅಳಿಸಿ ಪ್ರಯೋಜನವಿಲ್ಲ ಎಂದು ತಂಗಿ ಹೇಳಿದಳು, ಅದು ಎಲ್ಲರ ಫೋನಿನಲ್ಲೂ ಉಂಟು. ಮೂರನೆಯ ದಿನ ಶರಣಮ್ಮನ ಹತ್ತಿರ ಎಲ್ಲ ಹೇಳಿದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದರು.

"ಹೋಗಿ ಹೇಳ್ರಿ ಅಕ್ಕಾರ. ಮುಚ್ಚಿಟ್ಟದ್ದು ನಾತಾ ಬಿಡದ ಇರಂಗಿಲ್ಲ, ನಿಮ್ಮ ಮೀನಾ ಇದ್ದಂಗ."

ಅಂದರೆ ಸಿಗಡಿ ಚಟ್ನಿಯ ವಿಷಯ ಅವರಿಗೆ ಮೊದಲ ದಿನದಿಂದಲೇ ಗೊತ್ತಿತ್ತು.

ಮುಂದಿನ ಭಾನುವಾರ ಗಾಡಿ ಬಿಟ್ಟು ಬಸ್ಸಿನಲ್ಲಿ ಹೋದೆ. ಹೊಲದ ಅಂಚಿನಲ್ಲಿ ಬೂಟು ಬಿಚ್ಚಿದೆ. "ಯವ್ವಾ, ವಿಡಿಯೋ ಹಿಡಿದದ್ದು ಲಾರಿಯವನಲ್ಲ. ನಾನು. ಅದು ಬ್ಯಾಟರಿ ಅಲ್ಲ, ಕ್ಯಾಮೆರಾ." ನೀಲವ್ವ ತೋರಿಸು ಎಂದಳು. ನನ್ನ ಫೋನಿನಲ್ಲಿ ಉಳಿದಿದ್ದ ಪ್ರತಿಯನ್ನು ತೋರಿಸಿದೆ. ತನ್ನನ್ನು ತಾನು ಅವಳು ಮೊದಲ ಬಾರಿ ನೋಡಿದ್ದು ಹಾಗೆ. ಕೈ ತಾನಾಗಿ ಸೆರಗಿಗೆ ಹೋಯಿತು, ಪರದೆಯಲ್ಲಿರುವ ತಲೆಯನ್ನು ಮುಚ್ಚುವವಳ ಹಾಗೆ ತನ್ನ ತಲೆಯ ಮೇಲೆ ಎಳೆದುಕೊಂಡಳು. ಕೊನೆಗೆ ನನ್ನ ನಗು ಬಂತು.

"ಇಲ್ಲಿ ಏನಂದಿ ನಿಮ್ಮ ಮಾತಿನಾಗ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅಜ್ಜಿ, ಪ್ರಸಾದ, ಎರಡನ್ನೂ ಬಿಡಿಸಿ ಹೇಳಿದೆ.

"ಅಜ್ಜಿ ಅಂದಿ? ನನಗಿನ್ನೂ ಐವತ್ತ ತುಂಬಿಲ್ಲ." ಅಷ್ಟು ಹೇಳಿ ಹೊಲಕ್ಕೆ ಇಳಿದಳು. ಒಂದು ಸಾಲು ಕಸ ಪೂರ್ತಿ ತೆಗೆದಳು. ನಾನು ನಿಂತೇ ಇದ್ದೆ. ಕ್ಷಮಿಸಿ ಎಂಬ ಮಾತು ನನ್ನ ರೇಡಿಯೋ ಕನ್ನಡದಲ್ಲಿ ಎಷ್ಟು ಹಗುರವಾಗಿತ್ತೆಂದರೆ ಅದನ್ನು ಹೊರಗೆ ತರಲು ನಾಚಿಕೆಯಾಯಿತು. ಸಾಲಿನ ಕೊನೆ ಮುಟ್ಟಿ ತಿರುಗಿ ಬಂದವಳು ನನ್ನ ಎದುರು ನಿಂತಳು.

"ನಾ ಬೈದದ್ದನ್ನ ಊರಿಗೆಲ್ಲಾ ತೋರ್ಸಿದಿ. ಇನ್ನ ಎಳ್ಳ ಅಮಾಸಿಗೆ ನಾ ಕರದದ್ದನ್ನ ನನ್ನ ಮಗಗ ಒಬ್ಬಗ ತೋರ್ಸು."

ಎಳ್ಳ ಅಮಾವಾಸ್ಯೆಗೆ ಇಲ್ಲಿಯವರು ಹೊಲಕ್ಕೆ ಊಟ ಹೊತ್ತು ಹೋಗುತ್ತಾರೆ. ನಿಂತ ಬೆಳೆಯ ನಡುವೆ ನಡೆಯುತ್ತ, ಮಾಡಿದ ಅಡುಗೆಯನ್ನೆಲ್ಲ ಕಲಸಿ ನಾಲ್ಕು ದಿಕ್ಕಿಗೂ ಎರಚುತ್ತಾರೆ. ಭೂಮಿತಾಯಿಗೆ ಬಯಕೆಯೂಟ. ಅದಕ್ಕೆ 'ಚರಗ' ಎಂದು ಹೆಸರು. ಮುಂದೆ ಒಬ್ಬರು ಚರಗ ಚೆಲ್ಲುತ್ತ "ಹುಲ್ಲುಲ್ಲಿಗ್ಯೋ" ಎಂದು ಕೂಗಬೇಕು, ಹಿಂದೆ ನೀರು ಚಿಮುಕಿಸುತ್ತ ಬರುವವರು "ಸಲಾಂಬ್ರಿಗ್ಯೋ" ಎಂದು ದನಿಗೂಡಿಸಬೇಕು. ಕೂಗಿಗೆ ಉತ್ತರ ಬಾರದೆ ಹೋದರೆ ಹೊಲಕ್ಕೆ ಒಳ್ಳೆಯದಲ್ಲ. ಆ ಉತ್ತರ ಪ್ರತಿವರ್ಷ ಹುಲಗಪ್ಪನದು. ಕಟ್ಟಡದ ಕೆಲಸಕ್ಕೆ ಹೋದ ಮೇಲೂ ಈ ಒಂದು ದಿನಕ್ಕೆ ತಪ್ಪದೆ ಬರುತ್ತಿದ್ದ.

ಅವಳನ್ನು ಹೊಲದಲ್ಲಿ ತೋರಿಸಿದರೆ ಸಾಲದು ಎಂದು ನನಗೆ ಅನಿಸಿತು. ಅವನು ಬಂದಿದ್ದರೆ ಬೇವೂರಿನಲ್ಲಿ ಬಸ್ಸಿಳಿದು ನಡೆದುಬರುತ್ತಿದ್ದ. ಆ ದಾರಿಯನ್ನೇ, ನಡೆಯುವವನ ಕಣ್ಣಿನ ಎತ್ತರದಲ್ಲಿ, ನಡೆಯುವವನ ವೇಗದಲ್ಲಿ ತೋರಿಸಬೇಕು. ಒಂಟಿ ಗಾಲಿಯ ಮೇಲೆ ನಿಂತವಳ ಎದೆ ಹೆಚ್ಚುಕಡಿಮೆ ಅವನ ಕಣ್ಣಿನ ಎತ್ತರಕ್ಕೇ ಬರುತ್ತದೆ. ನಡಿಗೆಯ ಕುಲುಕಾಟವೂ ಇರುವುದಿಲ್ಲ. ಆದರೆ ವೇಗ ಒಂದು ತೊಡಕಾಯಿತು. ಈ ಗಾಡಿ ಜೋರು ಹೋದರೆ ಅಲುಗದೆ ನೆಟ್ಟಗಿರುತ್ತದೆ, ನಿಧಾನವಾದರೆ ನಡುಗುತ್ತದೆ. ಅದುವರೆಗೆ ನಾನು ಕಲಿತದ್ದೆಲ್ಲ ಜೋರು ಹೋಗುವುದನ್ನೇ. ಮತ್ತೆ ಫ್ಯಾನಿನ ದಾರಿಗೆ ಹೋಗಿ ಮೊದಲಿನಿಂದ ಕಲಿತೆ. ಮುಂದೆ ಒಂದು ಎಮ್ಮೆ ಹೋಗುತ್ತಿದ್ದರೆ ಅದನ್ನು ದಾಟದೆ ಹಿಂದೆಯೇ ಹೋಗುವುದು ನನ್ನ ಪರೀಕ್ಷೆ. ಹತ್ತಿರ ಹತ್ತಿರ ಒಂದು ತಿಂಗಳು ಎಮ್ಮೆಗಳ ಹಿಂದೆ ಹೋದೆ. ಶರಣಮ್ಮ ಇನ್ನೊಂದು ಗಾಲಿಯ ಬಗ್ಗೆ ಕೇಳುವುದನ್ನು ಬಿಟ್ಟರು.

ಅಮಾವಾಸ್ಯೆಯ ಬೆಳಿಗ್ಗೆ ಬೇವೂರಿನ ಬಸ್ಸು ನಿಲ್ಲುವ ಜಾಗದಿಂದ ಹೊರಟೆ. ಚಹಾದ ಅಂಗಡಿ, ಅವನು ಕಲಿತ ಸಾಲೆಯ ಗೋಡೆ, ಹಳೆಯ ಬಾವಿ, ಅಲ್ಲಿಂದ ಎಡಕ್ಕೆ ಹೊಲದ ದಾರಿ. ತುಳುವಿನಲ್ಲಾಗಲಿ ಕನ್ನಡದಲ್ಲಾಗಲಿ ಒಂದು ಮಾತೂ ಆಡಲಿಲ್ಲ. ಎದುರು ಬಂದವರು ನಗಲಿಲ್ಲ, ನೀಲವ್ವ ಮೊದಲೇ ಹೇಳಿಟ್ಟಿದ್ದಳು ಎಂದು ಕಾಣುತ್ತದೆ. ಒಬ್ಬ ಮುದುಕ ಮಾತ್ರ ಕಟ್ಟೆಯ ಮೇಲಿಂದಲೇ ಕ್ಯಾಮೆರಾಕ್ಕೆ ಹೇಳಿದ: "ಹುಲಗ್ಯಾ, ಆರಾಮ ಅದಿಯಿಲ್ಲೋ?"

ಹೊಲದ ಬದುವಿನಲ್ಲಿ ಗಾಡಿ ಇಳಿದು ಬೂಟು ಬಿಚ್ಚಿದೆ. ಬನ್ನಿ ಗಿಡದ ಬುಡದಲ್ಲಿ ನೀಲವ್ವ ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ ಪೂಜೆ ಮಾಡಿದ್ದಳು. ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಕಡಬು. ಆ ರೊಟ್ಟಿ ನಾನು ತುಳಿದ ರಾಶಿಯದ್ದೇ. ಹೊಸ ಸೀರೆ ಉಟ್ಟಿದ್ದಳು, ಸೆರಗು ತಲೆಯ ಮೇಲೆ ಬಿಗಿಯಾಗಿತ್ತು, ಗಾಳಿಗೆ ಹಾರದ ಹಾಗೆ ಪಿನ್ನು ಹಾಕಿದ್ದಳು. ಕ್ಯಾಮೆರಾದ ಕಡೆ ಒಮ್ಮೆ ನೋಡಿದಳು. ಚರಗದ ಪಾತ್ರೆ ಸೊಂಟಕ್ಕೆ ಇಟ್ಟುಕೊಂಡು ಜೋಳದ ಸಾಲಿಗೆ ಇಳಿದಳು. "ಹುಲ್ಲುಲ್ಲಿಗ್ಯೋ" ಎಂದು ಕೂಗಿದಳು.

ಉತ್ತರ ಬರಲಿಲ್ಲ. ಹಿಂದೆ ಯಾರೂ ಇರಲಿಲ್ಲ, ನಾನೊಬ್ಬಳೇ. ಅವಳು ತಿರುಗಿ ನನ್ನನ್ನು ನೋಡಿದಳು. ನೀರಿನ ತಂಬಿಗೆ ಬದುವಿನ ಮೇಲಿತ್ತು. ಎತ್ತಿಕೊಂಡು ಅವಳ ಹಿಂದೆ ಇಳಿದೆ. ಕಪ್ಪು ಮಣ್ಣು ಬೆಳಗಿನ ತಂಪಿಗೆ ಕಾಲಿಗೆ ಅಂಟುತ್ತಿತ್ತು. ಅವಳು ಮತ್ತೆ ಕೂಗಿದಳು. "ಸಲಾಂಬ್ರಿಗ್ಯೋ" ಎಂದೆ. ನನ್ನ ದನಿ ಒಡೆಯಿತು. ಮೂರನೆಯ ಸಲಕ್ಕೆ ಸರಿಯಾಯಿತು. ಹೊಲವನ್ನು ಪೂರ್ತಿ ಸುತ್ತಿ ಬಂದ ಮೇಲೆ ಅವಳು ಮೊದಲ ಬಾರಿ ಕ್ಯಾಮೆರಾದ ಎದುರು ನಿಂತು ಹೇಳಿದಳು: "ಹುಲಗಪ್ಪಾ, ನಿನ್ನ ಪಾಲಿನ ಮಾತು ಈ ವರ್ಷ ಮಂದಿ ಮಗಳು ಆಡ್ಯಾಳ. ಬರೋ ವರ್ಷ ನೀನ ಬಾ."

ಅದನ್ನು ಎಲ್ಲಿಯೂ ಹಾಕಲಿಲ್ಲ, ನೀಲವ್ವನ ಫೋನಿನಲ್ಲಿದ್ದ ನಂಬರಿಗೆ, ಅವನೊಬ್ಬನಿಗೆ ಕಳಿಸಿದೆ. ಜೊತೆಗೆ ನಾನು ಯಾರು, ಏನು ಮಾಡಿದೆ, ನನ್ನ ಮನೆ ಸುರತ್ಕಲ್ಲಿನ ಯಾವ ರಸ್ತೆಯಲ್ಲಿದೆ ಎಂದೆಲ್ಲ ಬರೆದೆ. ಬಂದು ಬೈಯುವುದಿದ್ದರೆ ಬೈಯಲಿ ಎಂದು. ನೋಡಿದ್ದಾನೆ ಎಂದು ಫೋನು ಅದೇ ದಿನ ತೋರಿಸಿತು. ಉತ್ತರ ಮಾತ್ರ ಇಲ್ಲ. ಅವನ ಅವ್ವನಿಗೂ ಫೋನು ಬರಲಿಲ್ಲ. ಎರಡು ವಾರ ನೀಲವ್ವನಿಗೆ ಮುಖ ತೋರಿಸಲಾರದೆ ಬೇವೂರ ದಾರಿಯನ್ನೇ ಬಿಟ್ಟೆ.

ಹದಿನೈದನೆಯ ದಿನ ಅವನಿಂದ ಒಂದು ವಿಡಿಯೋ ಬಂತು. ತೆರೆದರೆ ನಮ್ಮ ರಸ್ತೆ. ಅವನು ಕೆಲಸದವರ ಶೆಡ್ಡಿನಿಂದ ರಜೆಯ ದಿನ ಬಸ್ಸು ಹಿಡಿದು ಅಲ್ಲಿಗೆ ಹೋಗಿದ್ದ. ಬಸ್ ನಿಲ್ದಾಣದಿಂದ ನಮ್ಮ ಮನೆಯ ಗೇಟಿನವರೆಗೆ ಫೋನು ಹಿಡಿದು ನಡೆದಿದ್ದ. ಕೆಂಪು ಕಲ್ಲಿನ ಪಾಗಾರದ ಗೋಡೆ, ನಾಗಬನದ ಮರ, ಮೀನು ಮಾರುವ ಹೆಂಗಸಿನ ಬುಟ್ಟಿ. ನಡುವೆ ನಾನು ಚಿಕ್ಕಂದಿನಿಂದ ಮಿಠಾಯಿ ಕೊಂಡ ಅಂಗಡಿ. ನೀರಿನ ಬಾಟಲಿ ಕೇಳಲು ಅವನು ಅಲ್ಲಿ ನಿಂತ. ಒಳಗಿನಿಂದ ಅಂಗಡಿಯ ಮಾಮನ ಗುರುತಿನ ದನಿ ಬಂತು: "ಏ ಬಿಜಾಪುರ, ಬದಿಗೆ ನಿಲ್ಲು ಮಾರಾಯ. ದಾರಿ ಬಿಡು." ಅವನು ಬದಿಗೆ ನಿಂತ. ಆಮೇಲೆ ನಮ್ಮ ಗೇಟು ದಾಟಿ ಸಮುದ್ರದವರೆಗೂ ಹೋದ. ಅಲೆಯ ಎದುರು ನಿಂತು, ಯಾರಿಗೂ ಕೇಳಿಸದ ಹಾಗೆ ಮೆಲ್ಲಗೆ, "ಸಲಾಂಬ್ರಿಗ್ಯೋ" ಎಂದ. ಕೊನೆಗೆ, "ಅಕ್ಕಾರ, ಇದು ನಿಮ್ಮೂರು ನೋಡ್ರಿ. ಯುಗಾದಿಗೆ ಬರ್ತೀನಂತ ಅವ್ವಗ ಹೇಳ್ರಿ" ಎಂದಿದ್ದ.

ನಾನು ನಮ್ಮ ರಸ್ತೆಯನ್ನು ನೋಡಿ ಅಳಬೇಕಿತ್ತು. ಅತ್ತದ್ದು ಆ ದನಿಗೆ. ನಮ್ಮ ಮನೆ ಕಟ್ಟಿದವರನ್ನು ನಾವೂ ಹಾಗೆಯೇ ಕರೆದಿದ್ದೆವು. ಅವರು ಬಿಜಾಪುರದವರೋ ಕೊಪ್ಪಳದವರೋ ಎಂದು ಕೇಳಿದ ನೆನಪಿಲ್ಲ. ಘಟ್ಟದ ಮೇಲಿಂದ ಬಂದವರೆಲ್ಲ ನಮಗೆ ಬಿಜಾಪುರವೇ. ನನ್ನನ್ನು ಇಲ್ಲಿ ಮಂಗ್ಳೂರ ಅಕ್ಕಾರು ಎನ್ನುತ್ತಾರೆ. ನಾವು ಅಕ್ಕ, ಅಣ್ಣ ಏನನ್ನೂ ಸೇರಿಸಲಿಲ್ಲ.

ನೀಲವ್ವನಿಗೆ ತೋರಿಸಲು ಅವತ್ತೇ ಹೋದೆ, ಒಂಟಿ ಗಾಲಿಯ ಮೇಲೆ. ಅವಳು ಮೊದಲ ಸಲ ನೋಡುವಾಗ ಸಮುದ್ರದ ಹತ್ತಿರ ಬಂದ ಮಾತಿಗೆ ಸೆರಗು ಬಾಯಿಗೆ ಒತ್ತಿಕೊಂಡಳು. ಇನ್ನೊಮ್ಮೆ ಹಚ್ಚು ಎಂದಳು, ಹಚ್ಚಿದೆ. ಈ ಸಲ ಅಂಗಡಿಯ ಹತ್ತಿರ ನನ್ನ ಕೈ ಹಿಡಿದು ನಿಲ್ಲಿಸಿದಳು.

"ಇಲ್ಲಿ ಅವರು ಯಾರ್ನ ಕರದ್ರು?"

ನಾನು ಫೋನಿನ ಬೆಳಕು ಹೆಚ್ಚಿಸಿದೆ.

"ಬದಿಗೆ ಸರದಾಂವ ನನ್ನ ಮಗ. ಅವರು ಕರದದ್ದು ಯಾರ್ನ?"

ಇಲ್ಲಿಯ ಮಾತು ನನಗೆ ಈಗ ಬರುತ್ತದೆ, ಅಲ್ಲಿಯ ಮಾತು ಹುಟ್ಟಿದಾಗಿನಿಂದ ಗೊತ್ತು. ಎರಡರಲ್ಲೂ ಅವಳಿಗೆ ಕೊಡುವ ಉತ್ತರ ಸಿಗಲಿಲ್ಲ. ಹಾಗಾಗಿ ಈ ಕಡೆ ನಿಂತು ನಿಮಗೆ ಬರೆಯುತ್ತಿದ್ದೇನೆ. ಅಂಗಡಿಯ ಮಾಮ ಪ್ರತಿ ವಾರ ಈ ಪತ್ರಿಕೆ ಓದುತ್ತಾರೆ ಎಂದು ತಂಗಿ ಹೇಳಿದ್ದಾಳೆ. ಮಾಮ, ಅವನು ನಮ್ಮ ರಸ್ತೆಗೆ ಇನ್ನೊಮ್ಮೆ ಬರಬಹುದು. ಅವನ ಹೆಸರು ಹುಲಗಪ್ಪ.